ಹಪ್ಪಳದ ಸುತ್ತೋಲೆ

ಜಯಸಿಂಹರಾಯರಿಗೆ ಬೇಸಿಗೆ ಆಗಿಬರುತ್ತಿರಲಿಲ್ಲ. ಈ ಮಾತನ್ನು ರಾಯಚೂರಿನವರೋ ಬಳ್ಳಾರಿಯವರೋ ಕೇಳಿಸಿಕೊಂಡರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಬೆಂಗಳೂರಿನದೂ ಒಂದು ಬೇಸಿಗೆಯೇ! ಮಧ್ಯಾಹ್ನ ಎರಡು ಗಂಟೆ ಹೊತ್ತು ಬಿಸಿಲು ಕಾದರೆ ಸಾಯಂಕಾಲ ಲಾಲ್‌ಬಾಗಿನ ಕಡೆಯಿಂದ ತಣ್ಣನೆ ಗಾಳಿ ಬೀಸಿ, ಮುದುಕರು ಮಫ್ಲರ್ ಹುಡುಕುತ್ತಿದ್ದ ಕಾಲ ಅದು. ಆದರೆ ರಾಯರ ದೂರು ಬಿಸಿಲಿನ ಮೇಲಲ್ಲ. ಬಿಸಿಲಿನ ಹಿಂದೆ ಬಾಲದ ಹಾಗೆ ಬರುವ ಚಿಲ್ಲರೆ ಕಾಟಗಳ ಮೇಲೆ.

ಸಕ್ಕರೆ ಡಬ್ಬಕ್ಕೆ ಇರುವೆ. ಹನ್ನೆರಡರ ಹೊತ್ತಿಗೆ ಒಡೆದುಹೋಗುವ ಹಾಲು. ರಾತ್ರಿ ಹೆಪ್ಪು ಹಾಕಿದರೆ ಬೆಳಿಗ್ಗೆಗೆ ಹುಳಿಯಾಗುವ ಮೊಸರು. ಮಂಚದ ಸಂದಿಯಲ್ಲಿ ತಿಗಣೆ. ಬೆಳಗಿನ ಜಾವ ಐದಕ್ಕೆ ಬಂದು, ಮುಖ ತೊಳೆಯುವುದರೊಳಗೆ ನಿಂತುಹೋಗುವ ನಲ್ಲಿ. ಮಾವಿನ ಓಟೆಗೆ ಮುತ್ತುವ ನೊಣ. ಹೀಗೆ ಒಂದೊಂದು ಕಾಟ ಕಣ್ಣಿಗೆ ಬಿದ್ದಾಗಲೂ ರಾಯರು ಕುಳಿತಲ್ಲಿಂದಲೇ ಒಂದು ಶಬ್ದ ಹೊರಡಿಸುತ್ತಿದ್ದರು: "ವಾರಿಜಾ!"

ಬೈಗುಳ ಇಲ್ಲ, ಕೂಗಾಟ ಇಲ್ಲ. ಆ ಒಂದು ಹೆಸರು, ಅಷ್ಟೆ. ವಾರಿಜಾ ಬಂದು ನೋಡುತ್ತಿದ್ದಳು, ಏನೆಂದು ತಿಳಿದುಕೊಳ್ಳುತ್ತಿದ್ದಳು, ಸರಿಮಾಡಿ ಹೋಗುತ್ತಿದ್ದಳು. ರಾಯರು ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ಕೈಕೆಳಗೆ ಹದಿನಾಲ್ಕು ಜನ ಗುಮಾಸ್ತರು. ಅಲ್ಲಿ ತಪ್ಪಾದರೆ ಕಾರಣ ಕೇಳಿ ಮೆಮೋ ಕೊಡುತ್ತಿದ್ದರು. ಮನೆಯಲ್ಲಿ ಮೆಮೋದ ಅಗತ್ಯವೇ ಬೀಳದ ಹಾಗೆ ವಾರಿಜಾ ಮೂವತ್ತು ವರ್ಷ ನಡೆಸಿಕೊಂಡು ಬಂದಳು. ಇಂಥ ಗಂಡನನ್ನು ಲೋಕ ಒಳ್ಳೆಯ ಗಂಡ ಅನ್ನುತ್ತದೆ. ಹೊಡೆಯಲಿಲ್ಲ, ಕುಡಿಯಲಿಲ್ಲ, ಸಂಬಳ ತಂದು ಕೈಗೆ ಕೊಟ್ಟ. ಗಂಡಸರನ್ನು ತೂಗುವ ತಕ್ಕಡಿ ನಮ್ಮಲ್ಲಿ ಯಾವಾಗಲೂ ಗಂಡಸರ ಕೈಯಲ್ಲೇ ಇದೆಯಲ್ಲ, ಒಳ್ಳೆಯವರಾಗುವುದು ಅದರಿಂದ ಸುಲಭ.

ಅವರ ಮನೆ ಜಯನಗರದಲ್ಲಿ. ನಗರಾಭಿವೃದ್ಧಿ ಟ್ರಸ್ಟ್ ಬೋರ್ಡಿನವರು ಕಟ್ಟಿಸಿದ ಆರು ಮನೆಗಳ ಸಾಲು. ಎಲ್ಲರ ಮನೆಗೂ ಒಂದೇ ನಕ್ಷೆ, ಒಂದೇ ಕೆಂಪು ಗಾರೆ ನೆಲ, ನಡುವೆ ಎದೆಮಟ್ಟದ ಕಾಂಪೌಂಡು ಗೋಡೆ. ಸಾಲಿನ ಹಿಂದೆ ಇನ್ನೂ ರಾಗಿ ಹೊಲ ಇತ್ತು. ರಾಯರು ಬಂದದ್ದು ಐವತ್ತೆರಡರಲ್ಲಿ. ಮಕ್ಕಳಿರಲಿಲ್ಲ. ಹೋದ ವರ್ಷ, ಅಂದರೆ ಅರವತ್ತೆರಡರ ಶ್ರಾವಣದಲ್ಲಿ, ವಾರಿಜಾ ಹೋದಳು. ಒಂಬತ್ತು ದಿನದ ಜ್ವರ, ಅಷ್ಟೆ. ಸಾಯುವುದರಲ್ಲೂ ಯಾರಿಗೂ ಹೆಚ್ಚು ತೊಂದರೆ ಕೊಡಲಿಲ್ಲ.

ಮಳೆಗಾಲ, ಚಳಿಗಾಲ ಹೇಗೋ ಕಳೆದವು. ಮಧ್ಯಾಹ್ನದ ಊಟ ಕಚೇರಿಯ ಹತ್ತಿರದ ಹೋಟೆಲಿನಲ್ಲಿ, ರಾತ್ರಿಗೆ ತಾವೇ ಬೇಯಿಸಿಕೊಂಡ ಅನ್ನ, ಮೊಸರು. ಕಷ್ಟ ಶುರುವಾದದ್ದು ಬೇಸಿಗೆ ಬಂದ ಮೇಲೆ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಕಾಫಿಗೆಂದು ಸಕ್ಕರೆ ಡಬ್ಬ ತೆಗೆದರೆ ಒಳಗೆ ಕರಿ ಇರುವೆ ಗಿಜಿಗುಟ್ಟುತ್ತಿತ್ತು.

"ವಾರಿಜಾ!" ಅಂದುಬಿಟ್ಟರು.

ಕರೆದ ಮೇಲೆ ತಾವು ಏನು ಮಾಡಿದೆವೆಂದು ಹೊಳೆಯಿತು. ಡಬ್ಬ ಹಿಡಿದುಕೊಂಡು ಅಡುಗೆಮನೆಯ ನಡುವೆ ಸ್ವಲ್ಪ ಹೊತ್ತು ನಿಂತರು. ಇರುವೆ ಕೈಮೇಲೆ ಹತ್ತಿತು. ಡಬ್ಬವನ್ನು ಬಿಸಿಲಿಗಿಟ್ಟರೆ ಇರುವೆ ತಾವಾಗಿ ಹೋಗುತ್ತವೆ ಎಂಬ ಸಣ್ಣ ಸಂಗತಿ ಐವತ್ತನಾಲ್ಕು ವರ್ಷದ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಸಕ್ಕರೆಯನ್ನೆಲ್ಲ ಹಿತ್ತಿಲಿಗೆ ಸುರಿದು, ಸಪ್ಪೆ ಕಾಫಿ ಕುಡಿದು ಕಚೇರಿಗೆ ಹೋದರು. ಅಲ್ಲಿ ಒಬ್ಬ ಗುಮಾಸ್ತನಿಗೆ ಮಸಿ ಚೆಲ್ಲಿದ್ದಕ್ಕೆ ಮೆಮೋ ಕೊಟ್ಟರು.

ಅಲ್ಲಿಂದ ಮುಂದೆ ದಿನಕ್ಕೊಂದು. ಹಾಲು ಒಡೆಯಿತು, ಮೊಸರು ಕೆಟ್ಟಿತು, ನೀರು ಹಿಡಿಯುವುದು ತಪ್ಪಿತು. ಮಣ್ಣಿನ ಹೂಜಿಯ ಕೆಳಗೆ ಮರಳು ಹಾಕಿ ಆಗಾಗ ನೀರು ಚಿಮುಕಿಸದಿದ್ದರೆ ಅದು ತಂಪಾಗಿರುವುದಿಲ್ಲವೆಂದು ಏಪ್ರಿಲ್ ನಡುವಿನಲ್ಲಿ ತಿಳಿಯಿತು. ಇವೆಲ್ಲ ಪ್ರಾಣ ಹೋಗುವ ಕಷ್ಟಗಳಲ್ಲ. ಯಾರ ಹತ್ತಿರವಾದರೂ ಹೇಳಿಕೊಂಡರೆ ಅರ್ಧ ಇಳಿಯುವಂಥವು. ಹೇಳಿಕೊಳ್ಳುವುದಕ್ಕೆ ಯಾರೂ ಇರಲಿಲ್ಲ. ಕಚೇರಿಯಲ್ಲಿ ಹೇಳಿದರೆ ಗೌರವ ಹೋಗುತ್ತದೆ. ನೆರೆಯ ಗಂಡಸರಿಗೆ ಹೇಳಿದರೆ ಅವರು ಚೀನಾ ಯುದ್ಧದ ಮಾತು ತೆಗೆಯುತ್ತಾರೆ. ಎಂಟು ತಿಂಗಳಿನಿಂದ ತನ್ನ ಮನೆಯೊಳಗೆ ತನ್ನ ದನಿಯೊಂದನ್ನು ಬಿಟ್ಟು ಬೇರೆ ದನಿ ಕೇಳಿಲ್ಲ ಎಂಬುದು ರಾಯರಿಗೆ ಒಂದು ಭಾನುವಾರ ಹಲ್ಲುಜ್ಜುತ್ತಿರುವಾಗ ಹೊಳೆಯಿತು. ವಾರಿಜಾಳ ಹೆಸರನ್ನಂತೂ ಯಾರೂ ಎತ್ತುತ್ತಿರಲಿಲ್ಲ. ಸತ್ತವರ ಹೆಸರು ಎತ್ತಿದರೆ ನೊಂದುಕೊಳ್ಳುತ್ತಾರೆಂದು ನೆರೆಯವರ ಮರ್ಯಾದೆ. ಅಂಥ ಮರ್ಯಾದೆಯಿಂದ ಮನುಷ್ಯ ಒಳಗೊಳಗೇ ಒಣಗುತ್ತಾನೆಂದು ಮರ್ಯಾದಸ್ಥರಿಗೆ ಯಾರು ಹೇಳಬೇಕು?

ಅಷ್ಟರಲ್ಲಿ ಸಾಲಿನಲ್ಲಿ ಹಪ್ಪಳದ ಕಾಲ ಬಂತು. ಒಂದು ದಿನ ಒಂದು ಮನೆಯಲ್ಲಿ ಒನಕೆಯ ಸದ್ದು, ಎರಡು ದಿನ ಬಿಟ್ಟು ಇನ್ನೊಂದು ಮನೆಯಲ್ಲಿ. ಮುಯ್ಯಿಯ ಲೆಕ್ಕ ಅದು. ಇವತ್ತು ನಿಮ್ಮ ಮನೆಗೆ ನಾವೆಲ್ಲ ಬಂದು ಒತ್ತಿಕೊಡುತ್ತೇವೆ, ನಾಳೆ ನಮ್ಮ ಮನೆಗೆ ನೀವೆಲ್ಲ ಬನ್ನಿ. ಬೆಳಿಗ್ಗೆ ಹೆಂಗಸರು ತಂತಮ್ಮ ಮಣೆ, ಲಟ್ಟಣಿಗೆ ಹಿಡಿದುಕೊಂಡು ಹಿತ್ತಿಲ ಬಾಗಿಲಿಂದ ಸೇರಿದರೆ ಮೂರು ಗಂಟೆಯವರೆಗೆ ಒತ್ತುವುದು, ಮಾತು, ನಗು, ಹಸಿ ಹಿಟ್ಟಿನ ಉಂಡೆಯನ್ನು ಎಣ್ಣೆಯಲ್ಲಿ ಅದ್ದಿ ನುಂಗುವುದು. ಗಂಡಸರಿಗೆ ಅಲ್ಲಿ ಕೆಲಸವಿಲ್ಲ. ವಾರಿಜಾ ಹೋಗುತ್ತಿದ್ದುದು ರಾಯರಿಗೆ ನೆನಪಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಲಟ್ಟಣಿಗೆ ಹಿಡಿದು, "ಹೋಗ್ಬರ್ತೀನಿ, ಅನ್ನ ಹುಳಿ ಮುಚ್ಚಿಟ್ಟಿದೀನಿ" ಎಂದು ಹೇಳಿ ಹೋಗುತ್ತಿದ್ದಳು.

ಏಪ್ರಿಲ್ ಕೊನೆಯ ಭಾನುವಾರ ಇರುವೆಯ ಸಾಲನ್ನು ಹಿಂಬಾಲಿಸಿ ರಾಯರು ಅಡುಗೆಮನೆಯ ಅಟ್ಟಕ್ಕೆ ಏಣಿ ಹಾಕಿದರು. ಮೂಲೆಯಲ್ಲಿ ಒಂದು ದೊಡ್ಡ ತಗಡಿನ ಡಬ್ಬ. ಮುಚ್ಚಳ ತೆಗೆದರೆ ಮೇಲೆ ಒಣಗಿದ ಬೇವಿನ ಸೊಪ್ಪು, ಸೊಪ್ಪಿನ ಕೆಳಗೆ ತೊಳೆದು ಒಣಗಿಸಿದ ಮೂರು ಸೇರು ಉದ್ದಿನಬೇಳೆ. ಒಂದು ಹುಳುವಿಲ್ಲ. ಬೇಳೆಯ ಮೇಲೆ ಮೂರು ಪೊಟ್ಟಣ: ಇಂಗು, ಮೆಣಸು, ಕರಿದಾಗ ಅರಳಲೆಂದು ಹಾಕುವ ಹಪ್ಪಳದ ಖಾರ. ಒಂದೊಂದಕ್ಕೂ ಸಣ್ಣ ದಾರ ಕಟ್ಟಿ ಗಂಟು ಹಾಕಿದ್ದಳು.

ರಾಯರು ಏಣಿಯ ಮೇಲೇ ಕುಳಿತರು. ಹೋದ ಬೇಸಿಗೆಯಲ್ಲೇ ಎಲ್ಲ ಸಿದ್ಧಮಾಡಿಟ್ಟುಕೊಂಡಿದ್ದಾಳೆ. ಅಷ್ಟರಲ್ಲಿ ಮಳೆ ಬಂತು, ಜ್ವರ ಬಂತು. ಹಾಗಾದರೆ ಅವಳ ಸರದಿ ಉಳಿದುಹೋಗಿದೆ. ಐದು ಮನೆಗೆ ಹೋಗಿ ಒತ್ತಿಕೊಟ್ಟವಳ ಮನೆಗೆ ಆ ಐವರು ಬರುವುದು ಬಾಕಿ ಇದೆ.

ಅವರಿಗೆ ಹಪ್ಪಳ ಬೇಕಿರಲಿಲ್ಲ. ಹಪ್ಪಳ ಕರಿಯುವುದಕ್ಕೂ ಬರುತ್ತಿರಲಿಲ್ಲ. ಬೇಕಾಗಿದ್ದದ್ದು ಇಷ್ಟೆ: ಒಂದು ದಿನ, ಒಂದೇ ಒಂದು ದಿನ, ಆ ಹೆಂಗಸರು ಬಂದು ಈ ಹಜಾರದಲ್ಲಿ ಕೂತು ಮಾತಾಡಲಿ. ಮಾತಿನ ನಡುವೆ ಯಾರಾದರೂ "ವಾರಿಜಾ ಇದ್ದಿದ್ದರೆ" ಅನ್ನಲಿ. ತಾನು ಒಳಕೋಣೆಯಲ್ಲಿ ಕೂತು ಅದನ್ನು ಕೇಳಿಸಿಕೊಳ್ಳಬೇಕು.

ಆಸೆ ನ್ಯಾಯವಾದದ್ದೇ. ಆದರೆ ಅದನ್ನು ನೆರೆಯವರಿಗೆ ತಿಳಿಸುವುದು ಹೇಗೆ? ಮೂವತ್ತು ವರ್ಷ ಕಚೇರಿಯಲ್ಲಿ ಸವೆದ ಮನುಷ್ಯನಿಗೆ ಒಂದೇ ದಾರಿ ಗೊತ್ತಿತ್ತು. ಗುರುವಾರ ಸಾಯಂಕಾಲ ಕುಳಿತು, ದುಂಡು ಅಕ್ಷರದಲ್ಲಿ, ಎಡಗಡೆ ಅಂಚು ಬಿಟ್ಟು ಬರೆದರು:

"ವಿಷಯ: ಹಪ್ಪಳ ಒತ್ತುವ ಬಗ್ಗೆ. ದಿನಾಂಕ 5-5-63ನೇ ಭಾನುವಾರ ಬೆಳಿಗ್ಗೆ 9 ಗಂಟೆಗೆ ಕೆಳಗೆ ಸಹಿ ಮಾಡಿದವನ ಮನೆಯಲ್ಲಿ ಹಪ್ಪಳ ಒತ್ತುವ ಕಾರ್ಯ ಇಟ್ಟುಕೊಳ್ಳಲಾಗಿದೆ. ದಿವಂಗತ ವಾರಿಜಾಬಾಯಿಯವರ ಸರದಿ ಬಾಕಿ ಉಳಿದಿರುವುದು ತಮ್ಮೆಲ್ಲರ ಗಮನದಲ್ಲಿದೆ. ಆದಕಾರಣ ಸಾಲಿನ ಎಲ್ಲ ಮನೆಗಳ ಗೃಹಿಣಿಯರು ತಂತಮ್ಮ ಮಣೆ, ಲಟ್ಟಣಿಗೆ ಸಹಿತ ಹಾಜರಾಗಬೇಕಾಗಿ ವಿನಂತಿ. ಫಲಾಹಾರದ ವ್ಯವಸ್ಥೆ ಇದೆ. ನೋಡಿ, ಸಹಿ ಮಾಡಿ, ಮುಂದಿನ ಮನೆಗೆ ಕಳಿಸುವುದು."

ಕೆಳಗೆ ಐದು ಮನೆಯ ಯಜಮಾನರ ಹೆಸರು ಬರೆದು, ಎದುರಿಗೆ ಸಹಿಗೆ ಗೆರೆ ಎಳೆದರು.

ಪಕ್ಕದ ಮನೆಯ ಅನಂತಪದ್ಮನಾಭಯ್ಯನವರು ಜಗಲಿಯ ಮೇಲೆ ಬೀಸಣಿಗೆ ಹಿಡಿದು ಕುಳಿತಿದ್ದರು. ಜೊತೆಗೆ ಮೂರನೇ ಮನೆಯ ಶಾಮಣ್ಣನವರೂ ಇದ್ದರು. ಅನಂತಪದ್ಮನಾಭಯ್ಯ ಕಾಗದ ಓದಿ ಕನ್ನಡಕ ತೆಗೆದರು.

"ಏನ್ರಾಯರೇ, ಮನೆಗೂ ಟಪಾಲು ಶುರು ಮಾಡಿಬಿಟ್ರಾ?"

"ಒಂದು ಸಹಿ ಹಾಕ್ಬೇಕು."

"ಹಾಕೋಣ, ಹಾಕೋಣ. ಸಹಿ ಹಾಕೋಕೇನು ಗಂಟು ಹೋಗುತ್ತೆ? ನೋಡಪ್ಪ ಶಾಮಣ್ಣ, ಹಪ್ಪಳಕ್ಕೂ ಸರ್ಕ್ಯುಲರ್! ಇನ್ನು ನಮ್ಮವಳು ಸಂಡಿಗೆಗೆ ಟೆಂಡರ್ ಕರೀತಾಳೆ."

"ಫಲಾಹಾರ ಇದೆಯಂತಲ್ಲ ಸ್ವಾಮಿ," ಶಾಮಣ್ಣ ಇಣುಕಿ ಓದಿದರು. "ಅದು ಗಂಡಸರಿಗೂ ಉಂಟೋ, ಬರೀ ಗೃಹಿಣಿಯರಿಗೋ?"

ರಾಯರು ನಗಲಿಲ್ಲ. "ಮನೇಲಿ ಹೇಳ್ತೀರಲ್ಲ?" ಎಂದರು.

"ಹೇಳದೆ ಏನು! ಸಹಿ ಹಾಕಿದ್ಮೇಲೆ ಮುಗೀತು ಅಂತ ತಿಳ್ಕೊಳ್ಳಿ," ಎಂದು ಅನಂತಪದ್ಮನಾಭಯ್ಯ ಬಾಲ ಬಿಟ್ಟು ಸಹಿ ಹಾಕಿದರು.

ಶನಿವಾರ ಸಾಯಂಕಾಲ ಕಾಗದ ಐದು ಮನೆ ಸುತ್ತಿ ವಾಪಸು ಬಂತು. ಐದು ಸಹಿ. ಇಬ್ಬರು "ನೋಡಿದೆ" ಎಂದೂ ಬರೆದಿದ್ದರು. ರಾಯರಿಗೆ ಎಷ್ಟೋ ದಿನದ ಮೇಲೆ ಮನಸ್ಸು ಹಗುರವಾಯಿತು. ಕಚೇರಿಯಲ್ಲಿ ಸುತ್ತೋಲೆಗೆ ಸಹಿ ಹಾಕಿದವನು ಬಾರದೆ ಇರುವುದುಂಟೆ? ಐದಕ್ಕೆ ಐದೂ ಗಂಡಸರ ಸಹಿ, ಒತ್ತುವ ಕೈ ಒಂದೂ ಆ ಕಾಗದವನ್ನು ಮುಟ್ಟಿಲ್ಲ ಎಂಬುದು ಅವರಿಗೆ ತೋಚಲೇ ಇಲ್ಲ. ತೋಚಬೇಕಾದರೂ ಹೇಗೆ? ಅಡುಗೆಮನೆಯ ಕೆಲಸಕ್ಕೆ ಹಜಾರದಲ್ಲಿ ಅಪ್ಪಣೆಯಾಗುವುದನ್ನೇ ನೋಡಿಕೊಂಡು ಬೆಳೆದವರಲ್ಲವೇ ನಾವೆಲ್ಲ.

ಬೇಳೆಯನ್ನು ಗಿರಣಿಗೆ ಹಾಕಿಸಿ ತಂದದ್ದಾಗಿತ್ತು. ಹಿಟ್ಟಿನ ಹದವನ್ನು ಹೋಟೆಲಿನ ಅಡುಗೆ ಭಟ್ಟರನ್ನು ಕೇಳಿಕೊಂಡಿದ್ದರು. ಭಟ್ಟರು ಸೌಟು ಆಡಿಸುತ್ತಲೇ ಹೇಳಿದ್ದರು: "ಹಪ್ಪಳದ ಖಾರ ನೀರಲ್ಲಿ ಕುದಿಸಿ, ಇಂಗು ಉಪ್ಪು ಹಾಕಿ, ಗಟ್ಟಿಯಾಗಿ ಕಲಸಿ. ಆಮೇಲೆ ಎಣ್ಣೆ ಹಚ್ಚಿ ಕುಟ್ಟಬೇಕು. ಹಪ್ಪಳದ ಹಿಟ್ಟಿಗೆ ಪೆಟ್ಟೇ ಪ್ರಾಣ ಸ್ವಾಮಿ. ಎಳೆದ್ರೆ ಹಗ್ಗದ ಹಾಗೆ ಬರಬೇಕು. ಹದ ಬಂದ ದಿನಾನೇ ಒತ್ತಿ ಮುಗಿಸ್ಬೇಕು, ಮಾರನೇ ದಿನಕ್ಕೆ ಅದು ಕಲ್ಲು."

ಭಾನುವಾರ ರಾಯರು ನಾಲ್ಕೂವರೆಗೆ ಎದ್ದರು. ನೀರು ಹಿಡಿದರು, ಸ್ನಾನ ಮಾಡಿದರು, ಖಾರ ಕುದಿಸಿದರು. ಹಿತ್ತಿಲ ಒರಳಿನಲ್ಲಿ ಹಿಟ್ಟು ಹಾಕಿ ಒನಕೆ ಎತ್ತಿದರೆ ಇಪ್ಪತ್ತನೇ ಪೆಟ್ಟಿಗೇ ತೋಳು ಸೋತುಹೋಯಿತು. ಮೂರು ಸೇರು ಹಿಟ್ಟು! ನಡುನಡುವೆ ಕೂತು, ಎದ್ದು, ಪಂಚೆ ಎತ್ತಿಕಟ್ಟಿ, ಎರಡು ಗಂಟೆ ಹೊತ್ತು ಕುಟ್ಟಿದರು. ಅಂಗೈಯಲ್ಲಿ ನಾಲ್ಕು ಬೊಬ್ಬೆ ಎದ್ದವು. ಎಂಟೂವರೆಗೆ ಹಿಟ್ಟು ಎಳೆದರೆ ಹಗ್ಗದ ಹಾಗೆ ಬಂತು. ಒದ್ದೆ ಬಟ್ಟೆ ಮುಚ್ಚಿ ಹಜಾರಕ್ಕೆ ತಂದರು. ಕಿಟಕಿಯ ಪಕ್ಕ ಎರಡು ಚಾಪೆ ಹಾಸಿದರು. ತಂಬಿಗೆಯಲ್ಲಿ ಪಾನಕ ಮಾಡಿ, ಏಲಕ್ಕಿ ಹಾಕಿ ಮುಚ್ಚಿಟ್ಟರು. ಹಿಂದಿನ ಸಂಜೆ ಗಾಂಧಿ ಬಜಾರಿನಿಂದ ತಂದ ಮೈಸೂರುಪಾಕು, ಕೋಡುಬಳೆ ತಟ್ಟೆಗೆ ಜೋಡಿಸಿದರು. ಆಮೇಲೆ ಹೆಂಗಸರಿಗೆ ಸಂಕೋಚವಾಗಬಾರದೆಂದು ತಾವು ಒಳಕೋಣೆಗೆ ಹೋಗಿ, ಬಾಗಿಲು ಒಂದಿಷ್ಟೇ ಸಂದು ಬಿಟ್ಟು ಕುಳಿತರು.

ಒಂಬತ್ತು ಹೊಡೆಯಿತು. ಒಂಬತ್ತೂಕಾಲು. ಹೆಂಗಸರಿಗೆ ಮನೆಗೆಲಸ ಮುಗಿಯಬೇಡವೇ ಅಂದುಕೊಂಡರು. ಹತ್ತಾಯಿತು. ಎರಡು ಸಲ ಮುಂಬಾಗಿಲಿಗೆ ಹೋಗಿ ನೋಡಿ ಬಂದರು. ಬೀದಿಯಲ್ಲಿ ಮಲ್ಲಿಗೆ ಹೂವಿನವಳು ಹೋದಳು, ಆಮೇಲೆ ಯಾರೂ ಇಲ್ಲ. ಪಾನಕದ ತಂಬಿಗೆಯ ಹೊರಮೈಗೆ ಇರುವೆ ಹತ್ತಿತ್ತು. ಹನ್ನೊಂದಕ್ಕೆ ಒದ್ದೆ ಬಟ್ಟೆ ಒಣಗಿತೆಂದು ಮತ್ತೆ ಹಿಂಡಿ ಮುಚ್ಚಿದರು. ಹಿಟ್ಟಿನ ಅಂಚು ಬಿರಿಯತೊಡಗಿತ್ತು.

ಹನ್ನೊಂದೂವರೆಗೆ ವಾರಿಜಾಳ ಮಣೆಯನ್ನು ತೆಗೆದುಕೊಂಡು ತಾವೇ ಚಾಪೆಯ ಮೇಲೆ ಕುಳಿತರು. ಒಂದು ಉಂಡೆ ಮಾಡಿ, ಲಟ್ಟಣಿಗೆ ಹಿಡಿದು ಒತ್ತಿದರು. ಒಂದು ಕಡೆ ತೆಳ್ಳಗೆ ಹರಿಯಿತು, ಇನ್ನೊಂದು ಕಡೆ ರೊಟ್ಟಿಯಷ್ಟು ದಪ್ಪ ಉಳಿಯಿತು. ಎರಡನೆಯದು ಮಣೆಗೇ ಅಂಟಿತು. ಬೊಬ್ಬೆ ಒಡೆದು ಹಿಟ್ಟಿನ ಉಪ್ಪು ತಗುಲಿ ಕೈ ಚುರುಗುಟ್ಟಿತು. ಹಾಗೇ ಕೈ ಊದಿಕೊಳ್ಳುತ್ತ ಕುಳಿತಿದ್ದಾಗ ಹಿತ್ತಿಲ ಬಾಗಿಲಿನಿಂದ ದನಿ ಕೇಳಿಸಿತು.

"ಬೆಳಿಗ್ಗೆಯಿಂದ ಕುಟ್ಟಿದ್ದು ನೀವೇನಾ?"

ಅನಂತಪದ್ಮನಾಭಯ್ಯನವರ ಹೆಂಡತಿ ಅಮ್ಮಣ್ಣಿಯವರು. ಐವತ್ತೈದು ದಾಟಿದ ಗಟ್ಟಿ ಹೆಂಗಸು. ಸಾಲಿನ ಹೆಂಗಸರಿಗೆಲ್ಲ ಹಿರಿಯಳು. ಮಾತು ಖಾರ. ಹೊಸಲು ದಾಟದೆ, ಬಾಗಿಲಲ್ಲೇ ಸೆರಗು ಹೊದ್ದು ನಿಂತಿದ್ದರು.

ರಾಯರು ತಡವರಿಸಿ ಎದ್ದರು. "ಬನ್ನಿ, ಬನ್ನಿ. ಉಳಿದವರು?"

"ಯಾವ ಉಳಿದವರು?"

"ಕಾಗದ ಕಳಿಸಿದ್ದೆನಲ್ಲ. ಎಲ್ಲರೂ ಸಹಿ ಮಾಡಿದ್ರು."

"ನನಗೆ ಓದೋಕೆ ಬರುತ್ತೆ ರಾಯರೇ. ಆದರೆ ಆ ಕಾಗದ ನನ್ನ ಕೈಗೇ ಬರ್ಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ನಮ್ಮನೆಯವರು ಅನ್ನ ನೆತ್ತಿಗೆ ಹತ್ತೋ ಹಾಗೆ ನಗ್ತಾ ಹೇಳಿದ್ರು, ಪಕ್ಕದ ರಾಯರು ಹಪ್ಪಳಕ್ಕೆ ಸರ್ಕ್ಯುಲರ್ ಹೊರಡಿಸಿದಾರೆ ಅಂತ. ಶಾಮಣ್ಣನ ಮನೇಲಂತೂ ಹೇಳೇ ಇಲ್ಲ. ಹೆಂಗಸರಿಗೆ ಸರ್ಕ್ಯುಲರ್ ಕಳಿಸ್ತಾರೇನ್ರೀ? ಅಡುಗೆಮನೆಗೆ ಬಂದು ಒಂದು ಹೆಂಗಸು ಬಾಯ್ಬಿಟ್ಟು ಕರೀಬೇಕು. ಅದಿರ್ಲಿ, ಹೆಂಗಸಿಲ್ಲದ ಮನೇಲಿ ಹೆಂಗಸರು ಹೋಗಿ ದಿನವೆಲ್ಲ ಕೂತ್ಕೊಳ್ಳೋದುಂಟಾ?"

ರಾಯರು ಲಟ್ಟಣಿಗೆಗೆ ಅಂಟಿದ ಹಿಟ್ಟನ್ನು ಉಗುರಿನಿಂದ ಕೆರೆದರು.

"ಇನ್ನೂ ವರ್ಷಾಂತಿಕ ಆಗಿಲ್ಲ. ಸಾವಾದ ಮನೇಲಿ ಆ ವರ್ಷ ಹಪ್ಪಳ ಸಂಡಿಗೆ ಇಡೋ ಹಾಗಿಲ್ಲ. ಅದಾದರೂ ಗೊತ್ತಿತ್ತಾ ನಿಮಗೆ?"

"ಗೊತ್ತಿರಲಿಲ್ಲ," ಎಂದರು ರಾಯರು. ಆಮೇಲೆ ಮಕ್ಕಳ ಹಾಗೆ ಹಟ ಹಿಡಿದು ಹೇಳಿದರು: "ಅವಳ ಸರದಿ ಬಾಕಿ ಇತ್ತು. ಎಲ್ಲ ತಯಾರಿ ಮಾಡಿಟ್ಟಿದ್ಲು. ಬೇಳೆ ತೊಳೆದು, ಪೊಟ್ಟಣ ಕಟ್ಟಿ. ನೀವೆಲ್ಲ ಅವಳಿಗೆ ಒಂದು ದಿನ ಬರ್ಬೇಕಾಗಿತ್ತು."

ಅಮ್ಮಣ್ಣಿಯವರು ಅವರ ಮುಖವನ್ನೇ ನೋಡಿದರು. ಹೇಳಲೋ ಬೇಡವೋ ಎಂದು ತೂಗುತ್ತಿದ್ದಂತೆ ಕಂಡಿತು.

"ಒಂದು ದಿನ ಅಲ್ಲ ರಾಯರೇ. ಹತ್ತು ವರ್ಷ. ಈ ಮನೇಲಿ ಒಂದು ಸಲವಾದರೂ ಹಪ್ಪಳ ಒತ್ತಿದ್ದು ನೋಡಿದೀರಾ ನೀವು?"

ರಾಯರು ಯೋಚಿಸಿದರು. ನೋಡಿರಲಿಲ್ಲ. ಮನೆಯಲ್ಲಿ ಹಪ್ಪಳ ಯಾವಾಗಲೂ ಇರುತ್ತಿತ್ತು. ಎಲ್ಲಿಂದ ಬಂತೆಂದು ಕೇಳಿರಲಿಲ್ಲ.

"ನಾವು ಒತ್ತಿದ್ದರಲ್ಲಿ ಪಾಲು ಕೊಡ್ತಿದ್ವಿ. ಪ್ರತಿ ವರ್ಷ ಕೇಳ್ತಿದ್ದೆ, ಏನೇ ವಾರಿಜಾ, ಈ ಸಲವಾದ್ರೂ ನಿಮ್ಮನೇಲಿ ಇಟ್ಕೋತೀಯಾ ಅಂತ. 'ಬೇಡ ಅಕ್ಕ, ಅವರಿಗೆ ಗಲಾಟೆ ಆಗಲ್ಲ. ನೆಲ ಎಣ್ಣೆ ಆಗುತ್ತೆ, ಇರುವೆ ಬರುತ್ತೆ, ಅದೊಂದು ಮಾತಾಗುತ್ತೆ' ಅನ್ನೋಳು. ನೀವು ಬಯ್ತೀರಿ ಅಂತ ಯಾವತ್ತೂ ಹೇಳ್ಲಿಲ್ಲ. ಪಾಪ, ಹೊರಗೆ ಬಿಟ್ಟುಕೊಟ್ಟವಳೇ ಅಲ್ಲ. ಆದರೆ ನಮಗೆ ಕೇಳಿಸ್ತಿತ್ತಲ್ಲ. 'ವಾರಿಜಾ' ಅಂತ ನೀವು ಒಂದು ಸಲ ಕರೆದ್ರೆ ನಮ್ಮನೇಲಿ ಕೂತು ಒತ್ತುತ್ತಿದ್ದ ಲಟ್ಟಣಿಗೆ ಹಾಗೇ ಬಿಟ್ಟು ಓಡೋಳು."

"ನಾನು ಯಾವತ್ತೂ ಜೋರು ಮಾಡ್ದೋನಲ್ಲ," ಎಂದರು ರಾಯರು.

"ಇಲ್ಲ. ಜೋರು ಮಾಡ್ಲಿಲ್ಲ ನೀವು."

ಆಮೇಲೆ ರಾಯರು ಕೇಳಿದರು. "ಹಾಗಾದರೆ ಈ ಬೇಳೆ? ಹೋದ ವರ್ಷ ಯಾಕೆ ತಂದಿಟ್ಲು?"

"ಹೋದ ಏಪ್ರಿಲ್‌ನಲ್ಲಿ ನಿಮಗೆ ಎಂಟು ದಿನ ಚಿತ್ರದುರ್ಗದ ಕ್ಯಾಂಪು ಬಿದ್ದಿತ್ತಲ್ಲ, ನೆನಪಿದೆಯಾ? ಆ ಎಂಟು ದಿನದಲ್ಲಿ ನಮ್ಮನ್ನೆಲ್ಲ ಕರೀಬೇಕು ಅಂತಿದ್ಲು. ನನ್ನ ಅಡುಗೆಮನೆಗೇ ಬಂದು ಕರೆದಿದ್ಲು, ಅರಿಶಿನ ಕುಂಕುಮ ಕೊಟ್ಟು. 'ಅಕ್ಕ, ಈ ಸಲ ನಮ್ಮನೇಲಿ, ಬೆಳಿಗ್ಗೆಯಿಂದ ಸಂಜೆವರೆಗೂ' ಅಂತ. ಮದುವೆಗೆ ಕರೆದ ಹಾಗೆ ಕರೆದ್ಲು ಕಣ್ರೀ. ಆಮೇಲೆ ನಿಮ್ಮ ಕ್ಯಾಂಪು ನಿಂತುಹೋಯ್ತು."

ಕ್ಯಾಂಪು ನಿಂತುಹೋಗಿರಲಿಲ್ಲ. ರಾಯರೇ ನಿಲ್ಲಿಸಿದ್ದರು. ಚಿತ್ರದುರ್ಗದ ಬಂಡೆ ಬಿಸಿಲು, ಟ್ರಾವೆಲರ್ಸ್ ಬಂಗಲೆಯ ತಿಗಣೆ, ಸವುಳು ನೀರು, ಇಷ್ಟಕ್ಕೆ ಹೆದರಿ ತಪಾಸಣೆಯನ್ನು ಜೂನಿಗೆ ಹಾಕಬೇಕೆಂದು ಬರೆದುಕೊಂಡಿದ್ದರು. ಒಪ್ಪಿಗೆ ಬಂದ ದಿನ ಮನೆಗೆ ಬಂದು ಕೋಟು ಬಿಚ್ಚುತ್ತ, "ಹೋಗೋದು ತಪ್ಪಿತು ಕಣೆ, ಇಲ್ಲೇ ಇರ್ತೀನಿ" ಎಂದಿದ್ದರು. ಅವಳು ಕೋಟು ಇಸಿದುಕೊಂಡು, "ಒಳ್ಳೇದಾಯ್ತು" ಎಂದಿದ್ದಳು. ಅದೇ ದನಿಯಲ್ಲಿ "ಕಾಫಿ ಬಿಸಿ ಮಾಡ್ಲಾ" ಎಂದಿದ್ದಳು. ಆ ರಾತ್ರಿ ಏಣಿ ಹತ್ತಿ ಡಬ್ಬವನ್ನು ಅಟ್ಟಕ್ಕೆ ಇಟ್ಟಿದ್ದಳೋ, ಮಾರನೆಯ ದಿನವೋ, ಯಾರಿಗೆ ಗೊತ್ತು.

ಗಂಡ ಮನೆಯಲ್ಲೇ ಉಳಿಯುತ್ತಾನೆ ಎಂಬ ಸುದ್ದಿಗೆ ಹೆಂಗಸೊಬ್ಬಳು ಉದ್ದಿನಬೇಳೆಯನ್ನು ಅಟ್ಟಕ್ಕೆ ಹಾಕಬೇಕಾದ ಮನೆಗಳು ಈ ಊರಿನಲ್ಲಿ ಎಷ್ಟಿವೆ ಎಂದು ಯಾವ ಜನಗಣತಿಯವರೂ ಬರೆದುಕೊಂಡಿಲ್ಲ. ಬರೆದುಕೊಳ್ಳಲು ಬಂದರೂ ಬಾಗಿಲಲ್ಲಿ ನಿಂತು ವಿವರ ಕೊಡುವವನು ಗಂಡನೇ.

ಅಮ್ಮಣ್ಣಿಯವರು ಬಾಗಿಲಿಂದಲೇ ಬಗ್ಗಿ ಹಿಟ್ಟಿನ ಪಾತ್ರೆ ನೋಡಿದರು. "ಒಣಗ್ತಾ ಇದೆ. ಹದ ಮಾತ್ರ ಚೆನ್ನಾಗಿ ಬಂದಿದೆ, ಸುಳ್ಳು ಯಾಕೆ ಹೇಳ್ಲಿ. ಕೊಡಿ ಇಲ್ಲಿ."

"ಎಲ್ಲಿಗೆ?"

"ನಮ್ಮನೆಗೆ. ಅಲ್ಲಿ ಒತ್ತಿದ್ರೆ ಅದು ನಮ್ಮನೆ ಹಪ್ಪಳ, ದೋಷ ಇಲ್ಲ. ಉಳಿದವರನ್ನೆಲ್ಲ ನಾನೀಗ ಕರೀತೀನಿ."

"ಇಲ್ಲೇ ಬನ್ನಿ," ಎಂದರು ರಾಯರು. "ನಾನು ಬೇಕಾದ್ರೆ ಹೊರಗೆ ಹೋಗ್ತೀನಿ. ಲಾಲ್‌ಬಾಗಿಗೆ ಹೋಗಿ ಕೂತಿರ್ತೀನಿ, ಸಂಜೆವರೆಗೂ. ನೀವು ಇಲ್ಲೇ ಒತ್ತಿ. ಅವಳ ಮನೆ ಇದು."

ಅಮ್ಮಣ್ಣಿಯವರ ಮುಖ ಒಂದು ಕ್ಷಣ ಮೆತ್ತಗಾಯಿತು. ಆದರೆ ಹೊಸಲು ದಾಟಲಿಲ್ಲ. "ಹೋದ ವರ್ಷ ಹೋಗ್ಬೇಕಾಗಿತ್ತು ರಾಯರೇ," ಎಂದರು.

ಪಾತ್ರೆ ಭಾರವಾಗಿತ್ತು. ರಾಯರು ಅದನ್ನು ಎತ್ತಿಕೊಂಡು ಹಿತ್ತಿಲಿಗೆ ಬಂದು ಕಾಂಪೌಂಡು ಗೋಡೆಯ ಮೇಲಿಟ್ಟರು. ಅಷ್ಟರಲ್ಲಿ ತಮ್ಮ ಹಿತ್ತಿಲಿಗೆ ಹೋಗಿದ್ದ ಅಮ್ಮಣ್ಣಿಯವರು ಆ ಕಡೆಯಿಂದ ಇಳಿಸಿಕೊಂಡರು. ಆಮೇಲೆ ರಾಯರು ಪಾನಕದ ತಂಬಿಗೆಯ ಇರುವೆ ಒರೆಸಿ ಅದನ್ನೂ ದಾಟಿಸಿದರು. ಮೈಸೂರುಪಾಕಿನ ತಟ್ಟೆಯನ್ನೂ ದಾಟಿಸಿದರು.

ಸುತ್ತೋಲೆಗೆ ಮೂರು ದಿನವಾದರೂ ಬಾರದ ಹೆಂಗಸರು ಅಮ್ಮಣ್ಣಿಯವರ ಒಂದು ಕೂಗಿಗೆ ಕಾಲು ಗಂಟೆಯಲ್ಲಿ ಸೇರಿದರು. ಮಣೆ ಇಡುವ ಸದ್ದು, ಬಳೆಯ ಸದ್ದು, ಐದು ಲಟ್ಟಣಿಗೆ ಒಟ್ಟಿಗೆ ಉರುಳುವ ಸದ್ದು ಗೋಡೆ ದಾಟಿ ಬಂತು. ರಾಯರು ಹಜಾರದ ಚಾಪೆಯ ಮೇಲೆ, ಹೆಂಗಸರಿಗೆಂದು ಹಾಸಿದ್ದ ಜಾಗದಲ್ಲಿ, ಒಬ್ಬರೇ ಕುಳಿತರು. ಮಾತು ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ. ಯಾರದೋ ಸೊಸೆ, ಎಲ್ಲಿಯದೋ ನೀರು, ಸೀಮೆಎಣ್ಣೆ. ನಡುವೆ ಒಂದು ಮಾತು ಮಾತ್ರ ತೇಲಿ ಬಂತು.

"...ವಾರಿಜಾ ಹಾಗಲ್ಲ ಹೇಳ್ತಿದ್ದದ್ದು, ನಾನು ಹೇಳ್ತೀನಿ ಕೇಳಿ..."

ರಾಯರು ಕಿಟಕಿಯ ಕಡೆ ಬಾಗಿದರು. ಯಾರೋ ದನಿ ತಗ್ಗಿಸಿ, ಯಾರದೋ ಧಾಟಿಯನ್ನು ಅನುಕರಿಸುತ್ತ ಏನೋ ಹೇಳಿದರು. ಆಮೇಲೆ ಐದೂ ಹೆಂಗಸರ ನಗು ಒಟ್ಟಿಗೆ ಹೊರಟಿತು. ಸುಮ್ಮನೆ ನಕ್ಕ ನಗುವಲ್ಲ, ಲಟ್ಟಣಿಗೆ ಬಿಟ್ಟು, ಕಣ್ಣೊರೆಸಿಕೊಂಡು, ಸಾಕು ಮಾಡೇ ಮಹರಾಯ್ತಿ ಎಂದು ಒಬ್ಬರನ್ನೊಬ್ಬರು ತಳ್ಳಿಕೊಂಡು ನಗುವ ನಗು.

ರಾಯರಿಗೆ ಕೂತಿರಲಾಗಲಿಲ್ಲ. ಎದ್ದು ಹಿತ್ತಿಲಿಗೆ ಬಂದು ಗೋಡೆಯ ಹತ್ತಿರ ನಿಂತರು. ಏನೋ ನೆಪಕ್ಕೆ ಬಟ್ಟೆ ಒಣಗಿಸುವ ಹಗ್ಗ ಹಿಡಿದುಕೊಂಡರು. ಕೆಮ್ಮು ಬಂತು. ಅಷ್ಟೆ. ಆ ಕಡೆ ನಗು ಕತ್ತರಿಸಿದ ಹಾಗೆ ನಿಂತುಹೋಯಿತು. "ಶ್, ರಾಯರು" ಎಂದಿತು ಒಂದು ದನಿ. ಲಟ್ಟಣಿಗೆಯ ಸದ್ದು ಮಾತ್ರ ಉಳಿಯಿತು.

ಅವರು ಕಾಲ ಸದ್ದಾಗದಂತೆ ಒಳಕ್ಕೆ ಬಂದು ಬಾಗಿಲು ಹಾಕಿಕೊಂಡರು. ತುಂಬ ಹೊತ್ತಿನ ಮೇಲೆ ಆ ಕಡೆ ಮತ್ತೆ ಮಾತು ಶುರುವಾಯಿತು, ಆದರೆ ಮೆಲ್ಲಗೆ.

ನಾಲ್ಕು ದಿನ ಬಿಸಿಲಲ್ಲಿ ಒಣಗಿದ ಹಪ್ಪಳವನ್ನು ಗುರುವಾರ ಸಾಯಂಕಾಲ ಅಮ್ಮಣ್ಣಿಯವರು ಗೋಡೆಯ ಮೇಲಿಂದ ಕೊಟ್ಟರು. ಕಾಗದದಷ್ಟು ತೆಳು, ಒಂದೇ ಅಳತೆ, ಬಾಳೆನಾರಿನಲ್ಲಿ ಕಟ್ಟಿದ ಆರು ಕಟ್ಟು.

"ಐದು ಮನೆಗೂ ಒಂದೊಂದು ಕಟ್ಟು ಇಟ್ಕೊಂಡಿದೀವಿ. ಉಳಿದದ್ದು ನಿಮ್ಮದು. ತಗಡಿನ ಡಬ್ಬದಲ್ಲಿಡಿ, ಕೆಡಲ್ಲ."

ರಾಯರು ಕಟ್ಟುಗಳನ್ನು ಎದೆಗೆ ಆನಿಸಿಕೊಂಡು ನಿಂತರು. "ಅವತ್ತು ಏನೋ ನೆನೆಸಿಕೊಂಡು ನಕ್ರಲ್ಲ."

"ಯಾವತ್ತು?"

"ಭಾನುವಾರ. ವಾರಿಜಾ ಏನೋ ಹೇಳ್ತಿದ್ಲು ಅಂತ."

"ಓ, ಅದಾ." ಅಮ್ಮಣ್ಣಿಯವರ ತುಟಿಯ ಮೇಲೆ ಆ ನಗು ಮತ್ತೆ ಬಂದು, ರಾಯರ ಮುಖ ನೋಡಿ ಹಿಂದಕ್ಕೆ ಹೋಯಿತು. "ನಗಿಸೋದ್ರಲ್ಲಿ ಅವಳನ್ನ ಬಿಟ್ರಿಲ್ಲ. ಅವಳಿದ್ರೆ ಹೊತ್ತು ಹೋದದ್ದೇ ಗೊತ್ತಾಗ್ತಿರ್ಲಿಲ್ಲ."

"ಏನು ಹೇಳ್ತಿದ್ಲು?"

"ಹೆಂಗಸರ ಮಾತು ಬಿಡಿ ರಾಯರೇ, ನಿಮಗ್ಯಾಕೆ?" ಎಂದು ಅಮ್ಮಣ್ಣಿಯವರು ಒಲೆಯ ಮೇಲೆ ಏನೋ ಇದೆಯೆಂದು ಒಳಕ್ಕೆ ಹೋದರು.

ರಾಯರು ಕಟ್ಟುಗಳನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ಹಜಾರಕ್ಕೆ ಬಂದು ಕುಳಿತರು. ಮೂವತ್ತು ವರ್ಷದಲ್ಲಿ ವಾರಿಜಾ ನಕ್ಕದ್ದನ್ನು ನೆನಪಿಗೆ ತಂದುಕೊಳ್ಳಲು ಹೊರಟರು. ಮುಗುಳ್ನಗೆ ಎಷ್ಟೋ ಸಿಕ್ಕವು, ಬಾಗಿಲು ತೆಗೆಯುವಾಗಿನದು, ಊಟ ಬಡಿಸುವಾಗಿನದು. ಅವು ಬೇಕಿರಲಿಲ್ಲ. ಇತರರೂ ಬಿದ್ದು ಬಿದ್ದು ನಗುವಂಥ ನಗು ಬೇಕಿತ್ತು. ಕತ್ತಲಾಗುವವರೆಗೆ ಹುಡುಕಿದ ಮೇಲೆ ಒಂದೇ ಒಂದು ಸಿಕ್ಕಿತು. ಮದುವೆಯಾದ ಹೊಸತರಲ್ಲಿ, ತುಮಕೂರಿನ ಬಾಡಿಗೆ ಮನೆಯ ಬಾವಿಯ ಹತ್ತಿರ, ಪಕ್ಕದ ಮನೆಯ ಹುಡುಗಿಯ ಭುಜ ಹಿಡಿದುಕೊಂಡು, ಕೊಡ ಕೆಳಗಿಟ್ಟು, ಬಗ್ಗಿ ನಗುತ್ತಿದ್ದಳು. ರಾಯರು ಕಚೇರಿಯಿಂದ ಬರುತ್ತಿದ್ದವರು ಬಾಗಿಲಲ್ಲಿ ನಿಂತು ನೋಡಿದ್ದರು. ಅವರನ್ನು ಕಂಡು ಅವಳು ನಗು ನಿಲ್ಲಿಸಿ ಕೊಡ ಎತ್ತಿಕೊಂಡಿದ್ದಳು.

ಯಾಕೆ ನಕ್ಕಳೆಂದು ಅವರು ಅವತ್ತೂ ಕೇಳಿರಲಿಲ್ಲ.